ಹೊಸ 28 ಅಡಿ ಫೈಬರ್ ದೋಣಿಗೆ ವಯರಿಂಗ್: ಯಾವ ವಯರ್, ಎಷ್ಟು ಬ್ಯಾಟರಿ, ಯಾರ ಮಾತು ಕೇಳಲಿ?

ಅಳಿವೆ ಆಚೆ (ಗಂಗೊಳ್ಳಿ)

ಎಲ್ಲರಿಗೂ ನಮಸ್ಕಾರ. ಹಳೆಯ ಮರದ ದೋಣಿ ಕೊಟ್ಟು ಈ ಸಲ 28 ಅಡಿಯ ಫೈಬರ್ ದೋಣಿ ಮಾಡಿಸುತ್ತಿದ್ದೇವೆ. ಅಚ್ಚಿನಿಂದ ಹೊರಗೆ ಬಂದಿದೆ. ಅಡ್ಡ ಹಲಗೆ ಕೂರಿಸುವ ಕೆಲಸ ನಡೆಯುತ್ತಿದೆ. 9.9 ಎಚ್‌ಪಿ ಔಟ್‌ಬೋರ್ಡ್ ಒಂದು, ಕೈಯಲ್ಲಿ ಎಳೆದು ಸ್ಟಾರ್ಟ್ ಮಾಡುವಂಥದ್ದು. ನಾವು ನಾಲ್ಕು ಜನ ಹೋಗುವುದು, ಗಿಲ್‌ನೆಟ್ ಬಲೆ. ಸಂಜೆ ಅಳಿವೆ ದಾಟಿದರೆ ಬೆಳಿಗ್ಗೆ ದಕ್ಕೆಗೆ ವಾಪಸ್. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ದೊಡ್ಡ ಬೋಟುಗಳಿಗೆ ರಜೆ ಅಲ್ವಾ, ಆಗ ನಾಡದೋಣಿಯವರ ಸರದಿ. ಆ ಹೊತ್ತಿಗೆ ದೋಣಿ ನೀರಿಗಿಳಿಯಬೇಕು.

ಹಳೆಯ ದೋಣಿಯಲ್ಲಿ ಕರೆಂಟು ಅಂದರೆ ಒಂದು ಬೈಕ್ ಬ್ಯಾಟರಿ, ಒಂದು ಬಲ್ಬು, ಉಳಿದದ್ದು ಟಾರ್ಚು. ಈಗ ಬೇಕಿರುವುದು ಇಷ್ಟು: ಕೆಂಪು ಹಸಿರು ಬಿಳಿ ದೀಪಗಳು, ಮೀನು ತೋರಿಸುವ ಜಿಪಿಎಸ್, ವಿಎಚ್‌ಎಫ್ ವಯರ್‌ಲೆಸ್, ನೀರು ಹೊರಗೆ ಹಾಕುವ ಪಂಪ್, ಬಲೆ ಬಿಡಿಸುವಾಗ ಬೆಳಕು, ಮೊಬೈಲ್ ಚಾರ್ಜಿಂಗ್.

ತಲೆ ಕೆಟ್ಟಿರುವುದು ಸಲಹೆಗಳಿಂದ. ಪಕ್ಕದ ಮನೆಯವರು ಲಾರಿ ಬ್ಯಾಟರಿ ಹಾಕು ಅನ್ನುತ್ತಾರೆ. ಭಾವ ತಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ಕೊಡುತ್ತೇನೆ ಅನ್ನುತ್ತಾರೆ, ಹಳೆಯದು, ಪುಕ್ಕಟೆ. ರಿಕ್ಷಾ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿ, ಪ್ರತಿಯೊಂದಕ್ಕೂ ಒಂದೇ ವಯರ್ ಸಾಕು, ಬದಿಯ ಸ್ಟೀಲ್ ಪೈಪಿಗೇ ನೆಗೆಟಿವ್ ಕೊಡೋಣ, ವಯರ್ ಅರ್ಧ ಉಳಿಯುತ್ತದೆ ಅಂದರು. ಮನೆ ವಯರಿಂಗಿನಲ್ಲಿ ಉಳಿದ ವಯರ್ ಇದೆಯಂತೆ, ಅದನ್ನೇ ಹಾಕುತ್ತಾರಂತೆ. ನನಗೆ ಯಾಕೋ ಸಮಾಧಾನ ಇಲ್ಲ. ಎಂಜಿನ್ನಿನಿಂದಲೇ ಬ್ಯಾಟರಿ ಚಾರ್ಜ್ ಆಗುತ್ತದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ದಕ್ಕೆ ವಯರ್‌ಮನ್ (ಮಲ್ಪೆ)

ಸಮಾಧಾನ ಇಲ್ಲದೆ ಇರುವುದೇ ಒಳ್ಳೆಯದು ಮಾರಾಯ್ರೆ. ಆ ಸ್ಟೀಲ್ ಪೈಪ್ ವಿಷಯ ಮೊದಲು ಮುಗಿಸುತ್ತೇನೆ, ಉಳಿದದ್ದು ಆಮೇಲೆ.

ರಿಕ್ಷಾ, ಲಾರಿಯಲ್ಲಿ ಬಾಡಿ ಅರ್ತ್ ನಡೆಯುತ್ತದೆ. ಯಾಕೆಂದರೆ ಇಡೀ ಗಾಡಿ ಕಬ್ಬಿಣ, ಕೆಳಗೆ ಒಣ ರಬ್ಬರ್ ಟಯರು. ನಿಮ್ಮದು ಫೈಬರ್. ಅದರಲ್ಲಿ ಕರೆಂಟು ಹೋಗುವುದಿಲ್ಲ. ಹೋಗುವುದು ಆ ಪೈಪಿನಲ್ಲಿ ಮಾತ್ರ, ಮತ್ತು ಪೈಪಿನ ಮೇಲೆ ಕೂತ ಉಪ್ಪು ನೀರಿನಲ್ಲಿ. ಪೈಪಿನ ಜಾಯಿಂಟ್ ಒಂದು ಕಡೆ ತುಕ್ಕು ಹಿಡಿದರೆ ಅಲ್ಲಿಂದ ಮುಂದಿನ ಎಲ್ಲ ದೀಪ ಮಂಕು. ಅದು ಸಣ್ಣ ತೊಂದರೆ. ದೊಡ್ಡದು ಯಾವುದು ಅಂದರೆ, ಎಂಜಿನ್ನಿನ ಕಾಲು ಯಾವಾಗಲೂ ನೀರಿನಲ್ಲಿ, ಬದಿಯ ಪೈಪು ಯಾವಾಗಲೂ ಒದ್ದೆ. ಕರೆಂಟಿಗೆ ನೀವು ಕೊಡದ ದಾರಿ ಒಂದು ತಾನಾಗಿ ಸಿಕ್ಕಿತು. ಆ ದಾರಿಯಲ್ಲಿ ಹೋಗುವಾಗ ಅದು ಲೋಹ ತಿನ್ನುತ್ತದೆ. ಎಂಜಿನ್ನಿನ ಕಾಲಿಗೆ ಕಟ್ಟಿರುವ ಸತುವಿನ ತುಂಡು ಮೊದಲು ಹೋಗುತ್ತದೆ. ಅದು ಮುಗಿದ ಮೇಲೆ ಅಲ್ಯೂಮಿನಿಯಂ ಕಾಲು. ವಯರಿನಲ್ಲಿ ಉಳಿಸಿದ ದುಡ್ಡು ಎಷ್ಟು, ಆ ಕಾಲಿನ ಬೆಲೆ ಎಷ್ಟು, ನೀವೇ ಲೆಕ್ಕ ಹಾಕಿ.

ಹಾಗಾಗಿ ಪ್ರತಿ ದೀಪಕ್ಕೆ, ಪ್ರತಿ ಸಾಮಾನಿಗೆ ಎರಡು ವಯರ್. ಎರಡೂ ಸ್ವಿಚ್ ಪೆಟ್ಟಿಗೆಯವರೆಗೆ ವಾಪಸ್ ಬರಬೇಕು. ಪೆಟ್ಟಿಗೆಯೊಳಗೆ ನೆಗೆಟಿವ್ ಎಲ್ಲ ಒಂದು ತಾಮ್ರದ ಪಟ್ಟಿಗೆ ಸೇರಬೇಕು. ಅಲ್ಲಿಂದ ಒಂದೇ ದಪ್ಪ ವಯರ್ ಬ್ಯಾಟರಿಗೆ. ನಡುವೆ ಯಾವ ಪೈಪಿಗೂ, ಬೋಲ್ಟಿಗೂ ಮುಟ್ಟಿಸಬಾರದು.

ಮನೆ ವಯರಿನ ವಿಷಯ. ಗಟ್ಟಿ ತಂತಿಯದ್ದಾದರೆ ಬೇಡವೇ ಬೇಡ. ದೋಣಿ ಅಲೆಗೆ ಬಡಿದು ಬಡಿದು ಸ್ಕ್ರೂ ಹತ್ತಿರ ಮುರಿಯುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಒಳಗೆ ತುಂಡು. ಸಣ್ಣ ಎಳೆಗಳ ಫ್ಲೆಕ್ಸಿಬಲ್ ವಯರೇ ಬೇಕು. ಟಿನ್ ಲೇಪ ಇರುವ ತಾಮ್ರ ಸಿಕ್ಕಿದರೆ ಇನ್ನೂ ಒಳ್ಳೆಯದು. ಸಾದಾ ತಾಮ್ರದ ತುದಿಯಿಂದ ಉಪ್ಪು ನೀರು ಒಳಗೆ ಹತ್ತುತ್ತದೆ, ಪ್ಲಾಸ್ಟಿಕ್ಕಿನ ಕೆಳಗೆ ಎಷ್ಟೋ ದೂರದವರೆಗೆ ಕಪ್ಪಾಗುತ್ತದೆ. ಕತ್ತರಿಸುತ್ತಾ ಹೋದರೆ ಕಪ್ಪೇ ಕಪ್ಪು.

ಈಗ ಲೆಕ್ಕ. ಇದನ್ನು ಕಾಗದದಲ್ಲಿ ಬರೆಯದೆ ಬ್ಯಾಟರಿ ಕೊಳ್ಳುವವರೇ ಜಾಸ್ತಿ. ನಿಮ್ಮ ಒಂದು ರಾತ್ರಿಯನ್ನು 10 ಗಂಟೆ ಅಂತ ಹಿಡಿಯುತ್ತೇನೆ, ಎಲ್ಲ ದೀಪ ಎಲ್‌ಇಡಿ.

ಸಂಚಾರದ ದೀಪಗಳು ಒಟ್ಟು 8 ವಾಟ್, ಅಂದರೆ ಸುಮಾರು 0.7 ಆಂಪಿಯರ್, ರಾತ್ರಿಗೆ 7 ಆಂಪಿಯರ್ ಗಂಟೆ (ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು). ಮೀನು ತೋರಿಸುವ ಜಿಪಿಎಸ್ 1 ಆಂಪಿಯರ್, 10. ವಿಎಚ್‌ಎಫ್ ಸುಮ್ನೆ ಕೇಳುತ್ತಾ ಇರಲು 0.4, ಅದು 4. ಮೈಕ್ ಒತ್ತಿ ಮಾತಾಡುವಾಗ 5ರಿಂದ 6 ಆಂಪಿಯರ್ ಎಳೆಯುತ್ತದೆ, ಆದರೆ ಕೆಲವೇ ನಿಮಿಷ, 1 ಅಂತ ಇಡಿ. ಬಲೆಯ ಬೆಳಕು 20 ವಾಟ್, ನಾಲ್ಕು ಗಂಟೆ, 6.4. ಪಂಪು 4 ಆಂಪಿಯರ್, ಎಲ್ಲ ಸೇರಿ ಅರ್ಧ ಗಂಟೆ, 2. ಮೊಬೈಲಿಗೆ 3. ಕೂಡಿಸಿದರೆ 33 ಚಿಲ್ಲರೆ.

ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿಸಿದರೆ ಆಯುಷ್ಯ ಹೋಗುತ್ತದೆ. ಹಾಗಾಗಿ 33ಕ್ಕೆ 66. ಪಂಪು ಒಂದು ರಾತ್ರಿ ಜಾಸ್ತಿ ಓಡಬೇಕಾಗಿ ಬಂದರೆ? ಅದಕ್ಕೆ 100 ಆಂಪಿಯರ್ ಗಂಟೆಯದ್ದು ತೆಗೆದುಕೊಳ್ಳಿ. ಸೀಲ್ ಮಾಡಿದ್ದು, ನೀರು ಹಾಕುವ ಮುಚ್ಚಳ ಇಲ್ಲದ್ದು. ಮೂವತ್ತು ಕಿಲೋ ಆಸುಪಾಸು ತೂಗುತ್ತದೆ.

ಲಾರಿ ಬ್ಯಾಟರಿ ಸ್ಟಾರ್ಟ್ ಮಾಡಲಿಕ್ಕೆ ಮಾಡಿದ್ದು. ಒಂದು ಕ್ಷಣ ಜೋರಾಗಿ ಕೊಡುತ್ತದೆ, ರಾತ್ರಿಯಿಡೀ ನಿಧಾನವಾಗಿ ಕೊಡಲು ಅದರ ತೆಳು ಪ್ಲೇಟುಗಳಿಗೆ ಆಗುವುದಿಲ್ಲ. ನಿಮ್ಮದು ಕೈಯಲ್ಲಿ ಎಳೆಯುವ ಎಂಜಿನ್, ಸ್ಟಾರ್ಟಿಂಗ್ ಬ್ಯಾಟರಿಯ ಕೆಲಸವೇ ಇಲ್ಲ. ಭಾವನ ಇನ್ವರ್ಟರ್ ಬ್ಯಾಟರಿ ನಿಧಾನವಾಗಿ ಕೊಡುತ್ತದೆ, ನಿಜ. ಆದರೆ ಎತ್ತರದ ಡಬ್ಬ, ಒಳಗೆ ಆಸಿಡ್, ದೋಣಿ ವಾಲಿದರೆ ಚೆಲ್ಲುತ್ತದೆ. ಅದೂ ಹಳೆಯದು. ಭಾವನಿಗೆ ಬೇಜಾರಾಗದ ಹಾಗೆ ಬೇಡ ಅನ್ನಿ.

ಎಂಜಿನ್ ಚಾರ್ಜ್ ಮಾಡುತ್ತದಾ? ಕೈ ಸ್ಟಾರ್ಟಿನ ಕೆಲವು ಔಟ್‌ಬೋರ್ಡಿನಲ್ಲಿ ಲೈಟಿಂಗ್ ಕಾಯಿಲ್ ಅಂತ ಇರುತ್ತದೆ. ಅದರಿಂದ ಬರುವುದು ಎಸಿ. ನೇರ ಬ್ಯಾಟರಿಗೆ ಕೊಡಬೇಡಿ, ನಡುವೆ ಅದನ್ನು ಡಿಸಿ ಮಾಡುವ ರೆಕ್ಟಿಫೈಯರ್ ರೆಗ್ಯುಲೇಟರ್ ಬೇಕು. ಎಂಜಿನ್ನಿನ ಪುಸ್ತಕದಲ್ಲಿ 80 ವಾಟ್ ಅಂತ ಬರೆದಿದ್ದರೂ ಅದು ಫುಲ್ ರೇಸಿನಲ್ಲಿ. ಮತ್ತೆ ನಿಮ್ಮದು ಗಿಲ್‌ನೆಟ್. ಬಲೆ ಬಿಟ್ಟ ಮೇಲೆ ಎಂಜಿನ್ ಬಂದ್. ಹೋಗುವಾಗ ಬರುವಾಗ ಸೇರಿ ಹತ್ತು ಆಂಪಿಯರ್ ಗಂಟೆ ವಾಪಸ್ ಬಂದರೆ ದೊಡ್ಡದು. ಉಳಿದದ್ದನ್ನು ದಡದಲ್ಲಿ ಚಾರ್ಜರ್ ಹಾಕಿಯೇ ತುಂಬಿಸಬೇಕು.

ಫ್ಯೂಸ್ ಬಗ್ಗೆ ಒಂದೇ ಮಾತು. ಬ್ಯಾಟರಿಯ ಪಾಸಿಟಿವ್‌ನಿಂದ ಏಳು ಇಂಚಿನೊಳಗೆ ಮುಖ್ಯ ಫ್ಯೂಸ್ ಇರಬೇಕು. ನಿಮ್ಮ ಎಲ್ಲವೂ ಒಟ್ಟಿಗೆ ಓಡಿದರೂ 15 ಆಂಪಿಯರ್ ಚಿಲ್ಲರೆ, 30ರ ಫ್ಯೂಸ್ ಸಾಕು, ಅದಕ್ಕೆ 10 ಚದರ ಮಿಲಿಮೀಟರಿನ ವಯರ್. ಫ್ಯೂಸ್ ಇರುವುದು ವಯರ್ ಸುಡದ ಹಾಗೆ ನೋಡಿಕೊಳ್ಳಲು. ದೋಣಿಯಲ್ಲಿ ಪೆಟ್ರೋಲ್ ಡಬ್ಬ ಇದೆ, ಮರೆಯಬೇಡಿ. ಬ್ಯಾಟರಿ ಮತ್ತು ಸ್ವಿಚ್ಚು ಆ ಡಬ್ಬದಿಂದ ದೂರ, ಮಧ್ಯದ ಅಡ್ಡ ಹಲಗೆಯ ಕೆಳಗೆ. ಬ್ಯಾಟರಿಗೆ ಬೇರೆ ಪೆಟ್ಟಿಗೆ ಮಾಡಿಸಿ, ಬೆಲ್ಟ್ ಹಾಕಿ ಕಟ್ಟಿ, ಮೇಲ್ಭಾಗದಲ್ಲಿ ಗಾಳಿ ಹೋಗಲು ತೂತು ಇಡಿ. ಸೀಲ್ ಬ್ಯಾಟರಿಯಾದರೂ ಜಾಸ್ತಿ ಚಾರ್ಜ್ ಆದರೆ ಗ್ಯಾಸ್ ಬಿಡುತ್ತದೆ.

ಬೈಂದೂರು ಕಲಾಸಿ

ಎಲ್ಲ ಸರಿ, ಮ್ಯೂಸಿಕ್ ಸಿಸ್ಟಮ್ ಲೆಕ್ಕಕ್ಕೇ ಬರಲಿಲ್ಲವಲ್ಲ. ರಾತ್ರಿ ಬಲೆ ಬಿಟ್ಟು ಕೂತಾಗ ನಿದ್ದೆ ಬಾರದ ಹಾಗೆ ಏನು ಮಾಡುವುದು?

ದಕ್ಕೆ ವಯರ್‌ಮನ್ (ಮಲ್ಪೆ)

ತಾಂಡೇಲರ (ದೋಣಿ ನಡೆಸುವವರ) ಬೈಗುಳ ಸಾಕು, ಅದಕ್ಕೆ ಬ್ಯಾಟರಿ ಬೇಡ.

ಹಡಗಿನ ಕರೆಂಟು (ಊರು ಕಾರವಾರ, ಈಗ ಸಿಂಗಾಪುರ)

ನಾನು ಸರಕು ಹಡಗಿನಲ್ಲಿ ಎಲೆಕ್ಟ್ರಿಕಲ್ ಆಫೀಸರ್. ವಯರ್‌ಮನ್ ಅವರು ಹೇಳಿದ್ದರಲ್ಲಿ ತೆಗೆಯುವಂಥದ್ದು ಏನೂ ಇಲ್ಲ. ದೀಪಗಳ ಬಗ್ಗೆ ಮಾತ್ರ ಸೇರಿಸುತ್ತೇನೆ. ದೊಡ್ಡ ಹಡಗಿನ ಮೇಲಿನಿಂದ ನಿಮ್ಮ ಕರಾವಳಿಯ ದೋಣಿಗಳನ್ನು ರಾತ್ರಿ ನೋಡುವವರು ನಾವು. ಎಷ್ಟೋ ಸಲ ನೋಡುವುದೇ ಇಲ್ಲ, ಅದೇ ಭಯ.

ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳಿವೆ. 12 ಮೀಟರಿಗಿಂತ ಕಡಿಮೆ ಉದ್ದದ ಎಂಜಿನ್ ದೋಣಿಗೆ ಸುತ್ತಲೂ ಕಾಣುವ ಒಂದು ಬಿಳಿ ದೀಪ, ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಇದ್ದರೆ ಸಾಕು. ನಿಮ್ಮದು ಎಂಟೂವರೆ ಮೀಟರು, ಹಾಗಾಗಿ ಇದೇ ನಿಯಮ. ಬಿಳಿ ದೀಪ ಎರಡು ಮೈಲಿ, ಬದಿಯ ದೀಪಗಳು ಒಂದು ಮೈಲಿ ಕಾಣಬೇಕು. ನಾಟಿಕಲ್ ಮೈಲಿ.

ಇದು ಸಾಗುವಾಗ. ಬಲೆ ಬಿಟ್ಟು ಕೂತಾಗ ಬೇರೆ. ಆಗ ಮೇಲೆ ಕೆಂಪು, ಅದರ ಕೆಳಗೆ ಬಿಳಿ, ಎರಡೂ ಸುತ್ತಲೂ ಕಾಣುವಂಥವು. ಹಸಿರಿನ ಕೆಳಗೆ ಬಿಳಿ ಅಂದರೆ ಟ್ರಾಲ್ ಎಳೆಯುವ ಬೋಟು. ಈ ಎರಡು ದೀಪದ ನಡುವೆ ಕನಿಷ್ಠ ಒಂದು ಮೀಟರ್ ಅಂತರ. ಕೆಳಗಿನ ಬಿಳಿ ದೀಪ ದೋಣಿಯ ಬದಿಯ ಅಂಚಿನಿಂದ ಎರಡು ಮೀಟರ್ ಎತ್ತರ. ಬಲೆ 150 ಮೀಟರಿಗಿಂತ ಉದ್ದ ಚಾಚಿದ್ದರೆ ಬಲೆ ಇರುವ ದಿಕ್ಕಿಗೆ ಇನ್ನೊಂದು ಬಿಳಿ ದೀಪ. ನಿಮ್ಮ ಬಲೆ ಖಂಡಿತ ಅದಕ್ಕಿಂತ ಉದ್ದ. ಬಲೆಯ ತುದಿಯಲ್ಲಿ ಮಿಣುಕುವ ದೀಪ ಇರುವುದು ಬೇರೆ ವಿಷಯ, ಅದು ದೋಣಿಯ ದೀಪ ಅಲ್ಲ.

ವಯರಿಂಗಿಗೆ ಇದರ ಅರ್ಥ ಏನು? ಎಲ್ಲ ದೀಪಕ್ಕೂ ಒಂದೇ ಸ್ವಿಚ್ ಕೊಡಬೇಡಿ. ಕಂಬದ ಬಿಳಿಗೆ ಒಂದು, ಕಂಬದ ಕೆಂಪಿಗೆ ಒಂದು, ಬದಿಯ ಕೆಂಪು ಹಸಿರಿಗೆ ಒಂದು, ಬಲೆ ದಿಕ್ಕಿನ ಬಿಳಿಗೆ ಒಂದು. ಹೋಗುವಾಗ ಬಿಳಿ ಮತ್ತು ಬದಿ. ಬಲೆ ಬಿಟ್ಟು ನಿಂತಾಗ ಬದಿಯದ್ದು ಆರಿಸಿ, ಕಂಬದ ಕೆಂಪು ಹಚ್ಚಿ. ಬಲೆಯ ಜೊತೆಗೇ ಎಂಜಿನ್ ಹಾಕಿ ಸಾಗಿದರೆ ಬದಿಯ ದೀಪಗಳೂ ಹಿಂದಿನ ಬಿಳಿಯೂ ಬೇಕಾಗುತ್ತವೆ, ಅದಕ್ಕೂ ಒಂದು ಜಾಗ ಬಿಡಿ.

ಟಿನ್ ಲೇಪದ ವಯರ್ ಸಿಕ್ಕಿದರೆ ಒಳ್ಳೆಯದು ಅಂದಿರಿ. ನನ್ನ ಪ್ರಕಾರ ಸಿಗದಿದ್ದರೆ ತರಿಸಬೇಕು. ಅದರಲ್ಲಿ ಚೌಕಾಸಿ ಬೇಡ.

ಅಳಿವೆ ಆಚೆ (ಗಂಗೊಳ್ಳಿ)

ಅಣ್ಣ, ಇಬ್ಬರಿಗೂ ದೊಡ್ಡ ನಮಸ್ಕಾರ. ರಿಕ್ಷಾದವರಿಗೆ ಬೇಡ ಅಂತ ಹೇಳಿ ಆಯಿತು. ಭಾವನಿಗೆ ಇನ್ನೂ ಹೇಳಿಲ್ಲ.

ಕೆಲವು ಸಂಶಯ ಉಳಿದಿದೆ. ಕಂಬ ಅಷ್ಟು ಎತ್ತರ ಇಟ್ಟರೆ ಬಲೆ ಎಳೆಯುವಾಗ ಅಡ್ಡ ಆಗುವುದಿಲ್ಲವಾ? ಇನ್ನೊಂದು, ಲಿಥಿಯಂ ಬ್ಯಾಟರಿ ತೂಕ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ, ಅದೇ ಹಾಕಬಹುದಾ? ಸೋಲಾರ್ ಪ್ಲೇಟ್ ಒಂದು ಮೇಲೆ ಕಟ್ಟಿದರೆ ದಡದಲ್ಲಿ ಚಾರ್ಜರ್ ತಾಪತ್ರಯ ತಪ್ಪುತ್ತದಲ್ಲ? ವಯರ್ ದಪ್ಪ ಯಾವುದಕ್ಕೆ ಎಷ್ಟು ಅಂತ ಅಂಗಡಿಯವರು ಕೇಳುತ್ತಿದ್ದಾರೆ. ಮತ್ತೆ ಗೆಳೆಯನೊಬ್ಬ, ಹೇಗೂ ದೊಡ್ಡ ಬ್ಯಾಟರಿ ಹಾಕುತ್ತೀಯಲ್ಲ, ನೀರಿನ ಕಡೆಗೆ ಮುಖ ಮಾಡಿ ದೊಡ್ಡ ಎಲ್‌ಇಡಿ ಫೋಕಸ್ ಹಾಕು, ಮೀನು ತಾನೇ ಬರುತ್ತದೆ ಅನ್ನುತ್ತಾನೆ.

ಹೊನ್ನಾವರ ರೇಡಿಯೋ

ಕಂಬದ ಬಗ್ಗೆ ಉಳಿದವರು ಹೇಳಲಿ. ಎಲ್‌ಇಡಿ ಬಂತಲ್ಲ, ನಾನು ಹೇಳಬೇಕಾದದ್ದೂ ಅದೇ.

ಅಗ್ಗದ ಎಲ್‌ಇಡಿ ದೀಪದೊಳಗೆ ಕರೆಂಟು ಕತ್ತರಿಸಿ ಕತ್ತರಿಸಿ ಕೊಡುವ ಸಣ್ಣ ಸರ್ಕಿಟ್ ಇರುತ್ತದೆ. ಅದು ವಯರ್‌ಲೆಸ್ಸಿಗೆ ಗಲಾಟೆ ಮಾಡುತ್ತದೆ. ದೀಪ ಹಚ್ಚಿದ ಕೂಡಲೇ ವಿಎಚ್‌ಎಫ್ ಸುಮ್ಮನಾಗುತ್ತದೆ ಅಥವಾ ಬರೀ ಶರಶರ. ರಾತ್ರಿ ದೂರದಿಂದ ಯಾರೋ ಕರೆದರೆ ನಿಮಗೆ ಕೇಳಿಸುವುದೇ ಇಲ್ಲ, ಕೇಳಿಸುತ್ತಿಲ್ಲ ಅಂತ ಗೊತ್ತೂ ಆಗುವುದಿಲ್ಲ. ಪರೀಕ್ಷೆ ಸುಲಭ. ದೋಣಿ ದಡದಲ್ಲಿರುವಾಗ ವಯರ್‌ಲೆಸ್ ಆನ್ ಮಾಡಿ, ಸ್ಕ್ವೆಲ್ಚ್ ಗುಂಡಿಯನ್ನು (ಶರಶರ ತಡೆಯುವುದು) ಶಬ್ದ ನಿಲ್ಲುವವರೆಗೆ ಮಾತ್ರ ತಿರುಗಿಸಿ. ಈಗ ಒಂದೊಂದೇ ದೀಪ ಹಚ್ಚಿ. ಯಾವುದಕ್ಕೆ ಶಬ್ದ ವಾಪಸ್ ಬರುತ್ತದೋ ಅದನ್ನು ಅಂಗಡಿಗೆ ಹಿಂದಿರುಗಿಸಿ. ಕೊಳ್ಳುವಾಗಲೇ ಆ ಮಾತು ಆಡಿಕೊಂಡಿರಿ. ಮೊಬೈಲ್ ಚಾರ್ಜರನ್ನೂ ಹೀಗೇ ನೋಡಿ, ಅದು ದೀಪಕ್ಕಿಂತ ಕಳ್ಳ.

ಆಂಟೆನಾ ಎಷ್ಟು ಎತ್ತರವೋ ಅಷ್ಟು ದೂರ. ವಿಎಚ್‌ಎಫ್ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹೋಗುವುದು. ನಾಲ್ಕು ಮೀಟರ್ ಎತ್ತರದ ಎರಡು ಆಂಟೆನಾ ನಡುವೆ ಸುಮಾರು 9 ನಾಟಿಕಲ್ ಮೈಲಿ. ಎದುರಿನದು ದಡದಲ್ಲಿ 50 ಮೀಟರ್ ಎತ್ತರದ ಕಂಬ ಆದರೆ 20ರ ಹತ್ತಿರ. ವಾಟ್ ಜಾಸ್ತಿ ಮಾಡಿ ಈ ಲೆಕ್ಕ ದಾಟಲಾಗದು. ಆಂಟೆನಾ ಕೇಬಲನ್ನು ಮಧ್ಯೆ ಕತ್ತರಿಸಿ ಜೋಡಿಸಬೇಡಿ. ತುದಿಯ ಕನೆಕ್ಟರಿಗೆ ನೀರು ಹೋಗದ ಹಾಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಕರೆಯುವುದು, ಕೇಳುವುದು 16ನೇ ಚಾನೆಲ್. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಪೇಂಟಿನಲ್ಲಿ ಬರೆಸಿ.

ದಕ್ಕೆ ವಯರ್‌ಮನ್ (ಮಲ್ಪೆ)

ಗೆಳೆಯನಿಗೆ ಹೇಳಿ, ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲೇ ನಿಷೇಧ ಮಾಡಿದೆ. ಅದನ್ನು ಬಿಟ್ಟರೂ, ದೋಣಿಯಲ್ಲಿ ಫೋಕಸ್ ಉರಿಯುತ್ತಿದ್ದರೆ ನಿಮ್ಮ ಕಣ್ಣಿಗೇ ಹೊರಗೆ ಏನೂ ಕಾಣುವುದಿಲ್ಲ. ಎದುರಿನ ಬೋಟಿಗೆ ನಿಮ್ಮ ಕೆಂಪು ಹಸಿರು ಆ ಬೆಳಕಿನಲ್ಲಿ ಮುಳುಗಿ ಹೋಗುತ್ತದೆ. ಬಲೆಯ ಬೆಳಕನ್ನೂ ಕಾಲಬುಡದ ಕಡೆಗೆ ಬೀಳುವ ಹಾಗೆ ತಗ್ಗಿಸಿ ಹಾಕಿ, ಮೇಲೆ ಒಂದು ಮುಚ್ಚಳ ಇಡಿ.

ಕಂಬ ಅಡ್ಡ ಆಗುತ್ತದೆ, ನಿಜ. ಅದಕ್ಕೇ ಅನೇಕರು ಹಾಕುವುದಿಲ್ಲ. ಬುಡದಲ್ಲಿ ಹಿಂಜ್ ಇಟ್ಟು ಮಡಚುವ ಹಾಗೆ ಮಾಡಿಸಿ. ಬಲೆ ಎಳೆಯುವುದು ಮುಂದಿನಿಂದಾದರೆ ಕಂಬ ಮಧ್ಯದ ಹಲಗೆಯ ಹಿಂದೆ ಬರಲಿ. ವಯರ್ ಪೈಪಿನೊಳಗೇ ಹೋಗಲಿ, ಹಿಂಜಿನ ಹತ್ತಿರ ಮಾತ್ರ ಹೊರಗೆ ಸ್ವಲ್ಪ ಸಡಿಲ ಬಿಡಿ, ಮಡಚಿದಾಗ ಎಳೆಯಬಾರದು. ದಕ್ಕೆಯಲ್ಲಿ ಒತ್ತೊತ್ತಾಗಿ ದೋಣಿ ಕಟ್ಟಿದಾಗಲೂ ಮಡಚಿಟ್ಟರೆ ಮುರಿಯುವುದಿಲ್ಲ.

ಲಿಥಿಯಂ. ಒಳ್ಳೆಯದೇ. 100 ಆಂಪಿಯರ್ ಗಂಟೆಯದ್ದು ಹನ್ನೆರಡು ಕಿಲೋ ಹತ್ತಿರ, ಅರ್ಧಕ್ಕಿಂತ ಜಾಸ್ತಿ ಬಳಸಬಹುದು, ಹಾಗಾಗಿ ಸಣ್ಣದೇ ಸಾಕಾಗುತ್ತದೆ. ಮನೆಗೆ ಹೊತ್ತುಕೊಂಡು ಹೋಗಿ ಚಾರ್ಜ್ ಮಾಡುವವರಿಗೆ ಸುಖ. ಎರಡು ಕಡೆ ಜಾಗ್ರತೆ. ಒಂದು, ಚಾರ್ಜರ್ ಅದಕ್ಕೇ ಅಂತ ಮಾಡಿದ್ದಾಗಬೇಕು, ಎಂಜಿನ್ನಿನ ಸಾದಾ ರೆಕ್ಟಿಫೈಯರಿಗೆ ನೇರ ಕೊಡಬಾರದು. ಇನ್ನೊಂದು, ಸೀಸದ ಬ್ಯಾಟರಿ ಸಾಯುವ ಮೊದಲು ದೀಪ ಮಂಕಾಗಿ ಹೇಳುತ್ತದೆ. ಲಿಥಿಯಂ ಹೇಳುವುದಿಲ್ಲ, ಒಳಗಿನ ಸರ್ಕಿಟ್ ಟಪ್ಪಂತ ಕತ್ತರಿಸುತ್ತದೆ, ಎಲ್ಲ ಒಟ್ಟಿಗೆ ಕತ್ತಲೆ. ಹಾಕಿದರೆ ವೋಲ್ಟ್ ಕಡಿಮೆಯಾದಾಗ ಕೂಗುವ ಮೀಟರ್ ಒಂದು ಜೊತೆಗೆ ಹಾಕಿ. ನಿಮ್ಮ ಕೈಯಲ್ಲಿ ಈ ವರ್ಷ ದುಡ್ಡು ಕಡಿಮೆ ಇದ್ದರೆ ಸೀಲ್ ಮಾಡಿದ ಸೀಸದ್ದೇ ಸಾಕು, ಉಳಿದ ದುಡ್ಡು ವಯರಿಗೆ ಹೋಗಲಿ.

ಸೋಲಾರ್. 50 ವಾಟಿನ ಪ್ಲೇಟು ಒಳ್ಳೆ ಬಿಸಿಲಲ್ಲಿ ದಿನಕ್ಕೆ 15 ಆಂಪಿಯರ್ ಗಂಟೆ ಕೊಟ್ಟೀತು. ಜನವರಿಯಲ್ಲಿ ಚೆಂದ. ನಿಮ್ಮ ಕೆಲಸ ಇರುವುದು ಜೂನ್ ಜುಲೈಯಲ್ಲಿ. ಆ ಮೋಡದಲ್ಲಿ ಅದರ ಕಾಲು ಭಾಗ ಬಂದರೆ ಪುಣ್ಯ. ತೆರೆದ ದೋಣಿಯಲ್ಲಿ ಪ್ಲೇಟ್ ಕಟ್ಟಲು ಜಾಗವಾದರೂ ಎಲ್ಲಿ? ಗಾಳಿಗೆ ಹಾರುತ್ತದೆ, ಬಲೆ ಸಿಕ್ಕಿಕೊಳ್ಳುತ್ತದೆ. ನಾನಾದರೆ ಮೊದಲ ವರ್ಷ ಹಾಕುವುದಿಲ್ಲ.

ಈಗ ವಯರ್ ದಪ್ಪ. 1.5 ಚದರ ಮಿಲಿಮೀಟರ್ ವಯರ್ ಒಂದು ಮೀಟರಿಗೆ ಸುಮಾರು 13 ಮಿಲಿ ಓಮ್, 2.5 ಆದರೆ 8, 4 ಆದರೆ 5. ಹೋಗಿ ಬರುವ ಎರಡೂ ಉದ್ದ ಹಿಡಿಯಬೇಕು, ಇದನ್ನು ಮರೆಯುವವರು ಜಾಸ್ತಿ. ನಿಮ್ಮ ಪೆಟ್ಟಿಗೆಯಿಂದ ಪಂಪಿಗೆ 4 ಮೀಟರ್ ಅಂತ ಇಟ್ಟುಕೊಳ್ಳಿ, ಹೋಗಿ ಬಂದು 8. ಪಂಪು 4 ಆಂಪಿಯರ್. 1.5 ಹಾಕಿದರೆ ದಾರಿಯಲ್ಲೇ 0.42 ವೋಲ್ಟ್ ಹೋಯಿತು, ನೂರಕ್ಕೆ ಮೂರೂವರೆ. 2.5 ಹಾಕಿದರೆ ನೂರಕ್ಕೆ ಎರಡು ಚಿಲ್ಲರೆ. ಮುಖ್ಯ ಸಾಮಾನಿಗೆ ನೂರಕ್ಕೆ ಮೂರರ ಒಳಗೆ ನಿಲ್ಲಬೇಕು. ಹಾಗಾಗಿ ಪಂಪಿಗೆ 2.5.

ವಿಎಚ್‌ಎಫ್‌ಗೆ 4 ಹಾಕಿ. ಇದರಲ್ಲಿ ಜನ ಮೋಸ ಹೋಗುವುದು ಹೇಗೆ ಅಂದರೆ, ತೆಳು ವಯರಿನಲ್ಲೂ ರೇಡಿಯೋ ಚೆನ್ನಾಗಿ ಕೇಳಿಸುತ್ತದೆ. ಕೇಳಲು ಅರ್ಧ ಆಂಪಿಯರೂ ಬೇಡ. ಬೆಳಗಿನ ಜಾವ ಬ್ಯಾಟರಿ 12.2ಕ್ಕೆ ಇಳಿದಿರುತ್ತದೆ, ಆಗ ಮೈಕ್ ಒತ್ತಿದರೆ ಆರು ಆಂಪಿಯರ್ ಎಳೆಯುತ್ತದೆ, ವೋಲ್ಟ್ ಬೀಳುತ್ತದೆ, ರೇಡಿಯೋ ಆಫ್. ಕೈ ಬಿಟ್ಟರೆ ಮತ್ತೆ ಆನ್. ಅಂಗಡಿಯವರು ರೇಡಿಯೋ ಹಾಳು ಅನ್ನುತ್ತಾರೆ. ರೇಡಿಯೋ ಸರಿಯಾಗಿಯೇ ಇರುತ್ತದೆ.

ದೀಪಗಳಿಗೆ, ಮುಂಭಾಗದವರೆಗೆ ಹೋದರೂ, 1.5 ಧಾರಾಳ. ಎಲ್‌ಇಡಿ ಎಳೆಯುವುದೇ ಅಷ್ಟು ಕಡಿಮೆ. ಜಿಪಿಎಸ್‌ಗೂ 1.5. ದಿಕ್ಸೂಚಿ ಇದ್ದರೆ ಅದರ ಹತ್ತಿರ ಹೋಗುವ ಎರಡೂ ವಯರುಗಳನ್ನು ಒಂದಕ್ಕೊಂದು ಹೊಸೆದು ಎಳೆಯಿರಿ, ಇಲ್ಲದಿದ್ದರೆ ದೀಪ ಹಚ್ಚಿದಾಗ ಮುಳ್ಳು ಸರಿಯುತ್ತದೆ.

ಸಿಂಗಾಪುರದ ಅಣ್ಣನಿಗೆ ಒಂದು ಮಾತು. ಟಿನ್ ಲೇಪದ ವಯರ್ ಒಳ್ಳೆಯದು, ನಾನೂ ಒಪ್ಪುತ್ತೇನೆ. ಆದರೆ ಬಲೆಗೆ, ಎಂಜಿನ್ನಿಗೆ ಸಾಲ ಮಾಡಿ ದೋಣಿ ಇಳಿಸುವವರ ಹತ್ತಿರ ಇಡೀ ದೋಣಿಗೆ ತರಿಸಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಪಂಪಿಗೆ ಮತ್ತು ರೇಡಿಯೋಗೆ ಟಿನ್ ಲೇಪದ್ದು ತರಿಸಿ. ಈ ಎರಡು ಕೈ ಕೊಟ್ಟರೆ ಜೀವಕ್ಕೆ ಬರುತ್ತದೆ. ದೀಪಗಳಿಗೆ ಸಾದಾ ಫ್ಲೆಕ್ಸಿಬಲ್ ಹಾಕಿ, ತುದಿಗಳನ್ನು ಸರಿಯಾಗಿ ಮುಚ್ಚಿದರೆ ಬಾಳುತ್ತದೆ.

ಮುಚ್ಚುವುದು ಅಂದರೆ ಕಪ್ಪು ಟೇಪ್ ಸುತ್ತುವುದಲ್ಲ. ಟೇಪ್ ಉಪ್ಪು ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ವಯರಿಗೆ ಸರಿಯಾದ ಅಳತೆಯ ಲಗ್ (ತುದಿಗೆ ಹಾಕುವ ಲೋಹದ ಬಳೆ) ಹಾಕಿ, ಕ್ರಿಂಪ್ ಇಕ್ಕಳದಿಂದ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ತೂರಿಸಿ ಬಿಸಿ ಮಾಡಿ. ಎರಡು ತುದಿಯಲ್ಲೂ ಅಂಟು ಸ್ವಲ್ಪ ಹೊರಗೆ ಬರಬೇಕು, ಆಗ ಸರಿ. ಬೆಸುಗೆ ಒಂದನ್ನೇ ನಂಬಬೇಡಿ. ಬೆಸುಗೆ ಹಾಕಿದ ಕಡೆ ವಯರ್ ಗಟ್ಟಿಯಾಗುತ್ತದೆ, ಅದರ ಪಕ್ಕದಲ್ಲೇ ಅಲುಗಾಟಕ್ಕೆ ಮುರಿಯುತ್ತದೆ. ದೋಣಿಯ ತಳದ ನೀರು ಮುಟ್ಟುವ ಜಾಗದಲ್ಲಿ ಜಾಯಿಂಟೇ ಇರಬಾರದು. ಪಂಪಿನ ಜೊತೆ ಬಂದ ಗಿಡ್ಡ ವಯರನ್ನು ಮೇಲಕ್ಕೆ ಎಳೆದು, ಎಷ್ಟು ಎತ್ತರ ಸಿಗುತ್ತದೋ ಅಲ್ಲಿ ಜೋಡಿಸಿ.

ಪಂಪಿನ ವಿಷಯದಲ್ಲಿ ಇನ್ನೊಂದು. ಅದರ ಫ್ಲೋಟ್ ಸ್ವಿಚ್ಚಿನ (ನೀರು ಏರಿದಾಗ ತಾನೇ ಪಂಪು ಹಚ್ಚುವುದು) ವಯರ್ ಮುಖ್ಯ ಸ್ವಿಚ್ಚಿನ ಮೂಲಕ ಹೋಗಬಾರದು. ಬ್ಯಾಟರಿಯಿಂದ ನೇರ, ಅದಕ್ಕೇ ಬೇರೆ ಫ್ಯೂಸ್. ನೀವು ಮುಖ್ಯ ಸ್ವಿಚ್ ಬಂದ್ ಮಾಡಿ ಮನೆಗೆ ಹೋಗುತ್ತೀರಿ, ರಾತ್ರಿ ಗಂಗೊಳ್ಳಿಯ ಮಳೆ ಸುರಿಯುತ್ತದೆ, ಆಗ ಪಂಪು ತಾನೇ ಓಡಬೇಕು. ಫ್ಯೂಸ್ ಎಷ್ಟರದ್ದು ಅಂತ ಪಂಪಿನ ಮೇಲೆಯೇ ಬರೆದಿರುತ್ತದೆ, ಅದಕ್ಕಿಂತ ದೊಡ್ಡದು ಹಾಕಬೇಡಿ. ಮೀನಿನ ಹುರುಪೆ, ಬಲೆಯ ನೂಲು ಸಿಕ್ಕಿ ಪಂಪು ನಿಂತುಹೋದರೆ ಮೋಟರ್ ಜಾಸ್ತಿ ಎಳೆಯುತ್ತದೆ. ಸರಿಯಾದ ಫ್ಯೂಸ್ ಆದರೆ ಅದು ಹೋಗುತ್ತದೆ. ದೊಡ್ಡ ಫ್ಯೂಸ್ ಆದರೆ ಮೋಟರ್ ಸುಡುತ್ತದೆ.

ಪೆಟ್ಟಿಗೆಯಲ್ಲಿ ಎರಡು ಸ್ವಿಚ್ ಖಾಲಿ ಬಿಡಿ. ಒಂದು ಲಕ್ಷ ದೋಣಿಗೆ ಟ್ರಾನ್ಸ್‌ಪಾಂಡರ್ (ದೋಣಿ ಎಲ್ಲಿದೆ ಅಂತ ದಡಕ್ಕೆ ತಿಳಿಸುವ ಯಂತ್ರ) ಕೊಡುವ ಕೇಂದ್ರದ ಯೋಜನೆ 2024ರ ಆಗಸ್ಟಿನಲ್ಲಿ ಶುರುವಾಗಿದೆ. ನಿಮ್ಮ ಸರದಿ ಬಂದಾಗ ಮತ್ತೆ ಎಲ್ಲ ಬಿಚ್ಚುವ ಕೆಲಸ ಬೇಡ.

ಇದೆಲ್ಲ ನಿಧಾನವಾಗಿ ಆಗಲಿ, ಆದರೆ ಒಂದು ಕೆಲಸ ಈ ವಾರವೇ ಆಗಬೇಕು. ಅಡ್ಡ ಹಲಗೆ ಕೂರಿಸುತ್ತಿದ್ದಾರೆ ಅಂದಿರಿ. ಫೈಬರ್ ಕೆಲಸದವರಿಗೆ ಹೇಳಿ, ಬದಿಯ ಅಂಚಿನ ಕೆಳಗೆ ಒಳಬದಿಗೆ ಒಂದೂವರೆ ಅಡಿಗೊಂದು ಸಣ್ಣ ಮರದ ತುಂಡು ಇಟ್ಟು ಮೇಲೆ ಫೈಬರ್ ಮ್ಯಾಟ್ ಹಾಕಿ ಅಂಟಿಸಲಿ. ವಯರ್ ಹೋಗುವ ಪಿವಿಸಿ ಪೈಪಿನ ಕ್ಲಿಪ್ಪುಗಳನ್ನು ಆ ತುಂಡಿಗೆ ಸ್ಕ್ರೂ ಮಾಡಬಹುದು. ಆಮೇಲೆ ವಯರ್‌ಮನ್ ಬಂದು ದೋಣಿಯ ಮೈಗೇ ಸ್ಕ್ರೂ ತಿರುಗಿಸಿದರೆ ಪ್ರತಿ ತೂತಿನಲ್ಲೂ ನೀರು. ಪೈಪಿನ ತಗ್ಗಿನ ಜಾಗದಲ್ಲಿ ಒಂದೊಂದು ಸಣ್ಣ ತೂತು ಕೊರೆಯಿರಿ, ಒಳಗೆ ಸೇರಿದ ನೀರು ಇಳಿದು ಹೋಗಲಿ.

ಅಳಿವೆ ಆಚೆ (ಗಂಗೊಳ್ಳಿ)

ಅಣ್ಣ, ಮರದ ತುಂಡಿನ ವಿಷಯ ಯಾರೂ ಹೇಳಿರಲಿಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ಹೇಳುತ್ತೇನೆ. ಎರಡೂ ಬದಿಗೆ ಬೇಕಾ, ಒಂದೇ ಸಾಕಾ? ಒಂದೇ ಆದರೆ ಯಾವ ಬದಿ?

ದಕ್ಕೆ ವಯರ್‌ಮನ್ (ಮಲ್ಪೆ)

ಒಂದೇ ಸಾಕು. ನೀವು ಬಲೆ ಎಳೆಯುವ ಬದಿ ಬೇಡ, ಅದರ ಎದುರಿನ ಬದಿಗೆ ಹಾಕಿಸಿ. ಇನ್ನೊಂದು ಬದಿಯ ದೀಪಕ್ಕೆ ವಯರನ್ನು ಮುಂದಿನ ಅಡ್ಡ ಹಲಗೆಯ ಕೆಳಗಿನಿಂದ ದಾಟಿಸಿದರಾಯಿತು. ತುಂಡು ಅಂಟಿಸಿದ ಮೇಲೆ ಫೋಟೋ ಹಾಕಿ, ಪೆಟ್ಟಿಗೆ ಎಷ್ಟು ಅಗಲ ಮಾಡಿಸಬೇಕು ಅಂತ ನೋಡಿ ಹೇಳುತ್ತೇನೆ.